ಐದು ಮಿಲಿಮೀಟರಿನ ಅಲೆ

ನವೆಂಬರ್ 30 ಬಂತೆಂದರೆ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಒಂದು ಸಂದೇಶ ತಪ್ಪದೆ ಸುತ್ತತೊಡಗುತ್ತದೆ. ಅಂದು ಜಗದೀಶ ಚಂದ್ರ ಬೋಸರು ಹುಟ್ಟಿದ ದಿನ. ರೇಡಿಯೊ ಕಂಡುಹಿಡಿದವರು ನಿಜಕ್ಕೂ ಬೋಸರೇ, ಮಾರ್ಕೋನಿ ಅದನ್ನು ಕದ್ದು ನೊಬೆಲ್ ಹೊಡೆದುಕೊಂಡ ಎನ್ನುವುದು ಅದರ ಸಾರ. ನಾನು ಇಂಜಿನಿಯರಿಂಗ್ ಕಾಲೇಜೊಂದರಲ್ಲಿ ಮೈಕ್ರೋವೇವ್ ಮತ್ತು ಆಂಟೆನಾ ಪಾಠ ಮಾಡುವವನು. ಹಾಗಾಗಿ ಹಳೆಯ ವಿದ್ಯಾರ್ಥಿಗಳು ಅದನ್ನು ನನಗೂ ಕಳಿಸಿ, "ಇದು ನಿಜಾನಾ ಸರ್?" ಅಂತ ಕೇಳುತ್ತಾರೆ. ಫೋನಿನಲ್ಲಿ ಎರಡು ಸಾಲು ಟೈಪ್ ಮಾಡಿ ಮುಗಿಸುವಂಥ ಉತ್ತರ ಇದಕ್ಕಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಆ ಸಂದೇಶದ ಹಿಂದಿನ ಅಭಿಮಾನ ನನಗೆ ಅರ್ಥವಾಗುತ್ತದೆ. ಆದರೂ ಅದು ಬೋಸರನ್ನು ಚಿಕ್ಕವರನ್ನಾಗಿ ಮಾಡುತ್ತದೆ ಎಂಬುದೇ ನನ್ನ ತಕರಾರು. ಮಾರ್ಕೋನಿ ಓಡಿದ ಓಟದಲ್ಲಿ ಮೋಸಕ್ಕೆ ಸಿಕ್ಕಿ ಎರಡನೆಯವರಾದ ಮನುಷ್ಯ ಎಂಬ ಚಿತ್ರ ಅದು. ಬೋಸರು ಆ ಓಟಕ್ಕೆ ಇಳಿದೇ ಇರಲಿಲ್ಲ. ಅವರು ಹಿಡಿದ ಕೆಲಸವೇ ಬೇರೆ ಇತ್ತು, ಆ ಕೆಲಸ ಏನೆಂಬುದನ್ನು ಸಂದೇಶ ಎಲ್ಲೂ ಹೇಳುವುದಿಲ್ಲ.

1880ರ ದಶಕದ ಕೊನೆಯಲ್ಲಿ ಜರ್ಮನಿಯ ಕಾರ್ಲ್ಸ್‌ರೂಹೆಯಲ್ಲಿ ಹೈನ್ರಿಕ್ ಹರ್ಟ್ಸ್ ವಿದ್ಯುತ್ಕಾಂತೀಯ ಅಲೆಗಳನ್ನು ಪ್ರಯೋಗ ಮಾಡಿ ತೋರಿಸಿದರು. ಇಂಥ ಅಲೆಗಳು ಇರಲೇಬೇಕು ಎಂದು ಮ್ಯಾಕ್ಸ್‌ವೆಲ್ ಕಾಗದದ ಮೇಲೆ ಲೆಕ್ಕ ಹಾಕಿ ಹೇಳಿದ್ದು ಹರ್ಟ್ಸ್ ಅವರ ಕೋಣೆಯಲ್ಲಿ ಕಿಡಿಯಾಗಿ ಕಾಣಿಸಿತು. ಈ ಅಲೆಗಳೂ ಬೆಳಕಿನಂತೆಯೇ ಬಾಗುತ್ತವೆ, ಪ್ರತಿಫಲಿಸುತ್ತವೆ ಎಂದು ಸಾಬೀತು ಮಾಡಲು ಅವರಿಗೊಂದು ಪ್ರಿಸಂ ಬೇಕಾಯಿತು. ಅವರ ಅಲೆಗಳ ತರಂಗಾಂತರ, ಅಂದರೆ ಒಂದು ಅಲೆಯ ಉದ್ದ, ಅರ್ಧ ಮೀಟರಿಗೂ ಹೆಚ್ಚು. ಅಲೆ ಅಷ್ಟು ಉದ್ದವಿದ್ದರೆ ಪ್ರಿಸಂ ಅದಕ್ಕಿಂತ ದೊಡ್ಡದಿರಬೇಕು. ಡಾಂಬರಿನಂಥ ಗಟ್ಟಿ ರಾಳವನ್ನು ಎರಕ ಹೊಯ್ದು ಒಂದೂವರೆ ಮೀಟರ್ ಎತ್ತರದ, ಅರ್ಧ ಟನ್ನಿಗೂ ಮೀರಿ ತೂಗುವ ಪ್ರಿಸಂ ಮಾಡಿಸಿಕೊಂಡರು. ಅಲೆಯ ಉದ್ದವೇ ಉಪಕರಣದ ಗಾತ್ರವನ್ನು ನಿರ್ಧರಿಸುತ್ತದೆ.

ಬೋಸರು ಹಿಡಿದದ್ದು ಈ ಎಳೆಯನ್ನೇ. ಅಲೆಯನ್ನು ಕುಗ್ಗಿಸಿದರೆ ಇಡೀ ಪ್ರಯೋಗಾಲಯವೇ ಮೇಜಿನ ಮೇಲೆ ಬಂದು ಕೂರುತ್ತದಲ್ಲ! 1894ರ ಕೊನೆಯ ಹೊತ್ತಿಗೆ ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಅವರು ಕೆಲಸಕ್ಕೆ ಕೂತರು. ಸಿಕ್ಕ ಜಾಗ ಒಂದು ಪುಟ್ಟ ಕೋಣೆ. ಸಹಾಯಕ್ಕೆ ಒಬ್ಬ ತಗಡು ಕೆಲಸದವನು, ಅವನಿಗೂ ಕೆಲಸ ಕಲಿಸಿದವರು ಬೋಸರೇ. ಅದಕ್ಕೂ ಹತ್ತು ವರ್ಷ ಮೊದಲು ಅದೇ ಕಾಲೇಜಿನಲ್ಲಿ ಯುರೋಪಿಯನ್ ಅಧ್ಯಾಪಕರಿಗಿಂತ ಕಡಿಮೆ ಸಂಬಳ ಗೊತ್ತುಮಾಡಿದ್ದಕ್ಕೆ ಮೂರು ವರ್ಷ ಸಂಬಳವನ್ನೇ ಮುಟ್ಟದೆ ಪಾಠ ಮಾಡಿದ ಮನುಷ್ಯ ಅವರು. ಆ ಕೋಣೆಯಲ್ಲಿ ಅವರು ಎಬ್ಬಿಸಿದ ಅಲೆಗಳ ಉದ್ದ ಎರಡೂವರೆ ಸೆಂಟಿಮೀಟರಿನಿಂದ ಐದು ಮಿಲಿಮೀಟರಿನವರೆಗೆ. ಇವತ್ತಿನ ಲೆಕ್ಕದಲ್ಲಿ ಅದು 12ರಿಂದ 60 ಗಿಗಾಹರ್ಟ್ಸ್, ಅಂದರೆ ಸೆಕೆಂಡಿಗೆ 1,200 ಕೋಟಿಯಿಂದ 6,000 ಕೋಟಿ ಕಂಪನ.

1895ರಲ್ಲಿ ಕಲ್ಕತ್ತೆಯ ಸಭೆಯೊಂದರಲ್ಲಿ ಈ ಅಲೆಗಳನ್ನು ಗೋಡೆಗಳಾಚೆ, 75 ಅಡಿ ದೂರಕ್ಕೆ ಕಳಿಸಿ ಗಂಟೆ ಬಾರಿಸಿದ್ದು, ಸಿಡಿಮದ್ದು ಹೊತ್ತಿಸಿದ್ದು ಎಲ್ಲರಿಗೂ ಗೊತ್ತಿರುವ ಕಥೆ. ನನಗೆ ಅದಕ್ಕಿಂತ 1897ರ ಜನವರಿಯಲ್ಲಿ ಅವರು ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿಗೆ ಹೊತ್ತುಕೊಂಡು ಹೋದ ಸಾಮಾನುಗಳ ಮೇಲೆ ಮೋಹ ಹೆಚ್ಚು. ಅಲೆಯನ್ನು ಒಟ್ಟುಗೂಡಿಸಲು ಬಾಯಗಲದ ತಗಡಿನ ಕೊಳವೆ, ನಾವು ಈಗ ಹಾರ್ನ್ ಆಂಟೆನಾ ಅನ್ನುವುದು ಅದನ್ನೇ. ಅಲೆಯನ್ನು ದಾರಿ ತಪ್ಪದಂತೆ ಒಯ್ಯುವ ಲೋಹದ ನಳಿಗೆ, ಅಂದರೆ ವೇವ್‌ಗೈಡ್. ಗ್ರಾಹಕದಲ್ಲಿ, ಅಂದರೆ ಅಲೆಯನ್ನು ಹಿಡಿಯುವ ರಿಸೀವರಿನಲ್ಲಿ, ಒಂದಕ್ಕೊಂದು ತಾಗಿ ನಿಂತ ಸಣ್ಣ ಸಣ್ಣ ಸ್ಪ್ರಿಂಗುಗಳ ಸಾಲು. ಎರಡು ಪ್ರಿಸಂಗಳನ್ನು ಎದುರುಬದುರು ಇಟ್ಟು ನಡುವಿನ ಸಂದನ್ನು ಹಿಗ್ಗಿಸಿ ಕುಗ್ಗಿಸಿ, ಎಷ್ಟು ಅಲೆ ಆಚೆ ದಾಟಬೇಕೆಂದು ಹತೋಟಿ ಮಾಡುವ ಸಾಧನ ಇನ್ನೊಂದು. ಮೊದಲ ಪ್ರಿಸಂನ ಒಳಮುಖಕ್ಕೆ ಬಡಿದು ಪೂರ್ತಿ ಹಿಂತಿರುಗಬೇಕಾದ ಅಲೆ, ಸಂದು ಕಿರಿದಾಗಿದ್ದರೆ ಸ್ವಲ್ಪ ಮಟ್ಟಿಗೆ ಆಚೆಯ ಪ್ರಿಸಂಗೆ ನುಸುಳಿಬಿಡುತ್ತದೆ. ಬೆಳಕಿನಲ್ಲಿ ಇದನ್ನು ನೋಡಬೇಕಾದರೆ ಸಂದು ಕೂದಲೆಳೆಗಿಂತ ಎಷ್ಟೋ ಪಾಲು ಕಿರಿದಿರಬೇಕು. ಬೋಸರ ಅಲೆಗೆ ಮಿಲಿಮೀಟರ್ ಲೆಕ್ಕದ ಸಂದು ಸಾಕು, ಕೈಯಲ್ಲೇ ಸರಿಸಬಹುದು. ನೂರು ವರ್ಷದ ಮೇಲೆ ಅಮೆರಿಕದ ಕಿಟ್ ಪೀಕ್‌ನ 12 ಮೀಟರ್ ರೇಡಿಯೊ ದೂರದರ್ಶಕಕ್ಕೆ 1.3 ಮಿಲಿಮೀಟರ್ ಅಲೆಗಳ ಗ್ರಾಹಕ ಕಟ್ಟಿದವರು ಬಳಸಿಕೊಂಡದ್ದು ಇದೇ ಉಪಾಯವನ್ನು.

ಇನ್ನು ಅವರು ಬಳಸಿದ ಒಂದು ಪುಸ್ತಕದ ಮಾತು. ಅಲೆಯ ಕಂಪನ ಅಡ್ಡಡ್ಡಲಾಗಿದೆಯೋ ನೆಟ್ಟಗಿದೆಯೋ ಎಂದು ಸೋಸಿ ನೋಡಲು ಒಂದು ಪೋಲರೈಸರ್ ಬೇಕು. ಬೋಸರು ಬ್ರಾಡ್‌ಶಾ ಕಂಪನಿಯ ದಪ್ಪನೆಯ ರೈಲ್ವೆ ವೇಳಾಪಟ್ಟಿ ತಗೊಂಡು ಹಾಳೆಗಳ ನಡುವೆ ತವರದ ತೆಳುಹಾಳೆ ಸೇರಿಸಿದರು. ಪುಸ್ತಕದ ಅಂಚಿನಿಂದ ಅಲೆ ಒಳಹೊಕ್ಕರೆ, ವಿದ್ಯುತ್ ಕಂಪನ ಹಾಳೆಗಳಿಗೆ ಲಂಬವಾಗಿದ್ದಾಗ ದಾಟುತ್ತದೆ, ಸಮಾನಾಂತರವಾಗಿದ್ದಾಗ ನಿಂತುಬಿಡುತ್ತದೆ.

ನಮ್ಮ ಕಾಲೇಜಿನ ಲ್ಯಾಬಿನಲ್ಲಿ ಇದನ್ನು ಮಾಡಿ ನೋಡಿದೆವು. ಲ್ಯಾಬು ಅಂದರೆ ದೊಡ್ಡದೇನಲ್ಲ. ಮೈಕ್ರೋವೇವ್ ಎಬ್ಬಿಸುವ ಕ್ಲೈಸ್ಟ್ರಾನ್ ಬೆಂಚು ಎರಡು, ಗನ್ ಡಯೋಡ್ ಬೆಂಚು ಒಂದು. ಹಿತ್ತಾಳೆಯ ವೇವ್‌ಗೈಡಿನ ಒಳಗಿನ ಅಗಲ ಸುಮಾರು 23 ಮಿಲಿಮೀಟರ್, ಎತ್ತರ 10. ಮೂರನೇ ವರ್ಷದ ಮಕ್ಕಳು ಸ್ಲಾಟೆಡ್ ಲೈನಿನ, ಅಂದರೆ ಮೇಲೆ ಉದ್ದಕ್ಕೆ ಸೀಳು ಬಿಟ್ಟ ನಳಿಗೆಯ, ಮೇಲೆ ಪ್ರೋಬ್ ಸರಿಸುತ್ತಾ ಮೀಟರಿನ ಮುಳ್ಳು ಎಲ್ಲಿ ತೀರಾ ಕೆಳಗಿಳಿಯುತ್ತದೆ ಅಂತ ಬರೆದುಕೊಳ್ಳುತ್ತಾರೆ. ಒಂದು ತಗ್ಗಿನಿಂದ ಮುಂದಿನ ತಗ್ಗಿಗೆ 22 ಮಿಲಿಮೀಟರಿನ ಆಸುಪಾಸು ಬರುತ್ತದೆ. ಅದನ್ನು ಎರಡರಿಂದ ಗುಣಿಸಿದರೆ ನಳಿಗೆಯೊಳಗಿನ ತರಂಗಾಂತರ ಸಿಕ್ಕಿತು. ಕಣ್ಣಿಗೆ ಕಾಣದ ಅಲೆಯನ್ನು ಅಡ್ಡಪಟ್ಟಿ ಇಟ್ಟು ಅಳೆದ ಆ ಗಳಿಗೆಯಲ್ಲಿ ಕೆಲವು ಮಕ್ಕಳ ಮುಖ ಬದಲಾಗುವುದನ್ನು ನಾನು ನೋಡಿದ್ದೇನೆ. ಈ ಕೆಲಸದಲ್ಲಿ ನನ್ನನ್ನು ಹಿಡಿದಿಟ್ಟಿರುವುದು ಅದೇ.

ಎರಡು ಹಾರ್ನುಗಳನ್ನು ಎದುರೆದುರು ಇಟ್ಟು ನಡುವೆ ಅಂಗೈ ಹಿಡಿದರೆ ಮುಳ್ಳು ಸರ್ರನೆ ಬೀಳುತ್ತದೆ. ಅಂಗೈಯಲ್ಲಿರುವ ನೀರಿನಂಶ ಅಲೆಯನ್ನು ಹೀರಿಕೊಂಡು ಬಿಡುತ್ತದೆ, ಉಳಿದದ್ದು ಪ್ರತಿಫಲಿಸಿ ಹೋಗುತ್ತದೆ. ಆ ಜಾಗದಲ್ಲಿ ಈಗ ಪುಸ್ತಕ. ಹಳೆಯ ಪ್ರವೇಶ ಪರೀಕ್ಷೆಯ ಗೈಡೊಂದಕ್ಕೆ ಹುಡುಗರು ಅಡುಗೆಮನೆಯ ಅಲ್ಯುಮಿನಿಯಂ ಫಾಯಿಲ್ ಕತ್ತರಿಸಿ, ಕೆಲವು ಹಾಳೆಗೊಂದರಂತೆ ಸೇರಿಸಿ, ರಬ್ಬರ್ ಬ್ಯಾಂಡ್ ಬಿಗಿದು ತಂದಿದ್ದರು. ಹಾಳೆಗಳು ಮಲಗಿದ ಹಾಗೆ ಹಿಡಿದಾಗ ಮುಳ್ಳು ಹೆಚ್ಚೇನೂ ಇಳಿಯಲಿಲ್ಲ. ಪುಸ್ತಕವನ್ನು ಕಾಲು ಸುತ್ತು ತಿರುಗಿಸಿ ಹಾಳೆಗಳನ್ನು ನೆಟ್ಟಗೆ ನಿಲ್ಲಿಸಿದರು, ಮುಳ್ಳು ಸೊನ್ನೆಯ ಹತ್ತಿರ ಹೋಗಿ ಕೂತಿತು. ಮತ್ತೆ ಮಲಗಿಸಿದರು, ಮೇಲೆದ್ದಿತು. ಅವತ್ತು ಲ್ಯಾಬ್ ಅವಧಿ ಮುಗಿದ ಮೇಲೂ ಆ ಬೆಂಚಿನ ಸುತ್ತ ಗುಂಪು ಕರಗಲಿಲ್ಲ. ಬೋಸರು ಲಂಡನ್ನಿನ ವಿದ್ವಾಂಸರಿಗೆ ತೋರಿಸಿದ್ದೂ ಇದನ್ನೇ ಅಂದಾಗ ಅವರಿಗೆ ಆದ ಖುಷಿ, ಯಾವ ಫಾರ್ವರ್ಡ್ ಸಂದೇಶದಿಂದಲೂ ಆಗುವಂಥದ್ದಲ್ಲ.

ಈಗ ಮಾರ್ಕೋನಿಗೆ ಬರೋಣ. ಆತನ ಹಠ ಒಂದೇ, ದೂರ. ಇಟಲಿಯ ಬೊಲೋನಾ ಬಳಿಯ ಮನೆಯಲ್ಲಿ 1895ರಲ್ಲಿ ಪ್ರಯೋಗ ಶುರುಮಾಡಿದ ಇಪ್ಪತ್ತೊಂದರ ಹುಡುಗ, ಆಂಟೆನಾ ತಂತಿಯನ್ನು ಎತ್ತರಕ್ಕೇರಿಸಿ ಇನ್ನೊಂದು ತುದಿಯನ್ನು ನೆಲಕ್ಕೆ ಸೇರಿಸಿದರೆ ಸಂಕೇತ ಗುಡ್ಡದಾಚೆಗೂ ಮುಟ್ಟುತ್ತದೆ ಎಂಬುದನ್ನು ಕಂಡುಕೊಂಡ. ತಂತಿ ಉದ್ದವಾದಷ್ಟೂ ಅಲೆ ಉದ್ದ, ಅಲೆ ಉದ್ದವಾದಷ್ಟೂ ದೂರ. 1896ರಲ್ಲಿ ಬ್ರಿಟನ್ನಿನಲ್ಲಿ ಪೇಟೆಂಟಿಗೆ ಅರ್ಜಿ, ಮರುವರ್ಷ ಕಂಪನಿ. 1901ರ ಡಿಸೆಂಬರ್ 12ರಂದು ಇಂಗ್ಲೆಂಡಿನ ಪೋಲ್ಡುವಿನಿಂದ ಹೊರಟ ಮೋರ್ಸ್ ಸಂಕೇತದ ಮೂರು ಚುಕ್ಕೆಗಳನ್ನು, 3,400 ಕಿಲೋಮೀಟರ್ ಆಚೆ ನ್ಯೂಫೌಂಡ್‌ಲ್ಯಾಂಡಿನ ಸಿಗ್ನಲ್ ಹಿಲ್‌ನಲ್ಲಿ ಗಾಳಿಪಟಕ್ಕೆ ಕಟ್ಟಿದ ತಂತಿಯಿಂದ ಕೇಳಿಸಿಕೊಂಡೆ ಎಂದು ಸಾರಿದ. ಆ ಅಲೆಯ ಉದ್ದ ನೂರಾರು ಮೀಟರು. ಭೂಮಿಯ ಬಾಗಿಗೆ ತಕ್ಕಂತೆ ಅದು ಹೇಗೆ ಹೋಯಿತು ಎಂಬುದು ಆತನಿಗೂ ಗೊತ್ತಿರಲಿಲ್ಲ. ಮೇಲಿನ ವಾತಾವರಣದಲ್ಲಿ ಅಲೆಯನ್ನು ಹಿಂದಕ್ಕೆ ತಿರುಗಿಸುವ ಪದರವೊಂದು ಇರಬೇಕೆಂದು ಕೆನೆಲಿ ಮತ್ತು ಹೆವಿಸೈಡ್ ಎಂಬ ವಿಜ್ಞಾನಿಗಳು ಹೇಳಿದ್ದು ಮರುವರ್ಷ. ಬೋಸರ ಐದು ಮಿಲಿಮೀಟರಿನ ಅಲೆಯನ್ನು ಅವತ್ತು ಪೋಲ್ಡುವಿನಿಂದ ಬಿಟ್ಟಿದ್ದರೆ ಅದು ಊರ ಹೊರಗಿನ ದಿಬ್ಬವನ್ನೂ ದಾಟುತ್ತಿರಲಿಲ್ಲ.

ಹಾಗಿದ್ದರೆ ಅನ್ಯಾಯ ಆಗಲೇ ಇಲ್ಲವೇ? ಒಂದು ಕಡೆ ಖಂಡಿತ ಪ್ರಶ್ನೆ ಎದ್ದಿದೆ. ಸಿಗ್ನಲ್ ಹಿಲ್‌ನಲ್ಲಿ ಮಾರ್ಕೋನಿಯ ಕಿವಿಗೆ ಸಂಕೇತ ಮುಟ್ಟಿಸಿದ ಸಾಧನ ಪಾದರಸದ ಹನಿಯಿದ್ದ ಒಂದು ಗಾಜಿನ ಕೊಳವೆ, ಅದಕ್ಕೆ ಜೋಡಿಸಿದ ಟೆಲಿಫೋನ್ ರಿಸೀವರ್. ಅದನ್ನು ಮಾರ್ಕೋನಿಗೆ ಕೊಟ್ಟವರು ಇಟಲಿಯ ನೌಕಾಪಡೆಯ ಲೂಯಿಜಿ ಸೊಲಾರಿ. ಕಬ್ಬಿಣ ಮತ್ತು ಪಾದರಸದ ಇಂಥದೇ ಸಾಧನವನ್ನು, ಟೆಲಿಫೋನ್ ಸಮೇತ, ಬೋಸರು 1899ರಲ್ಲೇ ರಾಯಲ್ ಸೊಸೈಟಿಯ ಪ್ರಬಂಧದಲ್ಲಿ ವಿವರಿಸಿ ಪ್ರಕಟಿಸಿದ್ದರು. ಅಟ್ಲಾಂಟಿಕ್ ದಾಟಿದ ಸಂಕೇತವನ್ನು ಹಿಡಿದದ್ದು ಬೋಸರ ಸಾಧನವೇ ಎಂದು ಪ್ರೊಬೀರ್ ಬಂದ್ಯೋಪಾಧ್ಯಾಯರು 1998ರಲ್ಲಿ ಇಂಜಿನಿಯರುಗಳ ಅಂತರರಾಷ್ಟ್ರೀಯ ಸಂಸ್ಥೆ ಐಇಇಇಯ ಪತ್ರಿಕೆಯಲ್ಲಿ ದಾಖಲೆ ಮುಂದಿಟ್ಟು ವಾದಿಸಿದ್ದಾರೆ. ನನಗೆ ಆ ವಾದ ಒಪ್ಪಿಗೆ. ವಾಟ್ಸ್‌ಆ್ಯಪ್ ಸಂದೇಶಕ್ಕೆ ಏನಾದರೂ ಆಧಾರವಿದ್ದರೆ ಅದು ಇಷ್ಟೇ, ಇದು ಸಣ್ಣದೂ ಅಲ್ಲ. ಆದರೆ ಸಾಧನವೊಂದು ಇಡೀ ರೇಡಿಯೊ ಆಗುವುದಿಲ್ಲ. ಆ ಕಾಲದ ಬೇರೆ ಸಂಶೋಧಕರಾದ ಬ್ರಾನ್ಲಿ, ಲಾಡ್ಜ್, ಪೊಪೋವ್, ಟೆಸ್ಲಾ, ಬ್ರೌನ್ ಎಲ್ಲರ ಕೈಯೂ ಅದರಲ್ಲಿದೆ. ಶ್ರುತಿ ಹೊಂದಿಸುವ (ಟ್ಯೂನಿಂಗ್) ವಿಷಯದಲ್ಲಿ ಮಾರ್ಕೋನಿಯ ಅಮೆರಿಕದ ಪೇಟೆಂಟಿನ ಮುಖ್ಯ ಹಕ್ಕುಗಳನ್ನು ಅಲ್ಲಿನ ಸುಪ್ರೀಂ ಕೋರ್ಟ್ 1943ರಲ್ಲಿ ಅನೂರ್ಜಿತಗೊಳಿಸಿತು. ಕಾರಣ, ಲಾಡ್ಜ್, ಟೆಸ್ಲಾ, ಸ್ಟೋನ್ ಅವರು ಮೊದಲೇ ಮಾಡಿಟ್ಟಿದ್ದ ಕೆಲಸ.

ಬೋಸರಿಗೆ ಪೇಟೆಂಟ್ ಬೇಕಿರಲಿಲ್ಲ. 1901ರಲ್ಲಿ ಲಂಡನ್ನಿನಲ್ಲಿದ್ದಾಗ ಟೆಲಿಗ್ರಾಫ್ ಕಂಪನಿಯ ಒಡೆಯನೊಬ್ಬ ಪೇಟೆಂಟ್ ಮಾಡಿಸೋಣ, ಲಾಭ ಹಂಚಿಕೊಳ್ಳೋಣ ಅಂತ ಬೆನ್ನುಬಿದ್ದಾಗ ನಿರಾಕರಿಸಿ, ಆ ದುರಾಸೆಯ ಬಗ್ಗೆ ಬೇಸರದಿಂದ ಗೆಳೆಯ ರವೀಂದ್ರನಾಥ ಠಾಕೂರರಿಗೆ ಪತ್ರ ಬರೆದರು. ಕೊನೆಗೆ ವಿವೇಕಾನಂದರ ಶಿಷ್ಯೆಯರಾದ ಸಾರಾ ಬುಲ್ ಮತ್ತು ಸೋದರಿ ನಿವೇದಿತಾ ಅವರ ಒತ್ತಾಯಕ್ಕೆ ಮಣಿದು ಅರ್ಜಿ ಹಾಕಿದರು. ಅದು 1904ರ ಮಾರ್ಚ್ 29ರಂದು ಅಮೆರಿಕದಲ್ಲಿ ಮಂಜೂರಾಯಿತು, ಸಂಖ್ಯೆ 755,840. ಸೀಸದ ಅದಿರಾದ ಗೆಲೀನಾ ಹರಳಿಗೆ ಲೋಹದ ಮೊನೆ ತಾಗಿಸಿ ಅಲೆಯನ್ನು ಪತ್ತೆಹಚ್ಚುವ ಸಾಧನ ಅದು. ಅರೆವಾಹಕದಿಂದ (ಸೆಮಿಕಂಡಕ್ಟರ್) ಮಾಡಿದ ಸಾಧನಕ್ಕೆ ಜಗತ್ತಿನಲ್ಲಿ ಸಿಕ್ಕ ಮೊದಲ ಪೇಟೆಂಟುಗಳಲ್ಲಿ ಇದೂ ಸೇರಿದೆ. ಸಿಕ್ಕ ಹಕ್ಕನ್ನು ಅವರು ಚಲಾಯಿಸಲೇ ಇಲ್ಲ. ಅಷ್ಟು ಹೊತ್ತಿಗೆ ಅವರ ಮನಸ್ಸು ಲೋಹಗಳ ದಣಿವಿನ ಕಡೆ, ಅಲ್ಲಿಂದ ಗಿಡಗಳ ಸ್ಪಂದನೆಯ ಕಡೆ ಹೊರಳಿತ್ತು.

ನನ್ನನ್ನು ಕಾಡುವ ನಷ್ಟ ಇಲ್ಲಿದೆ. ಬೋಸರು ಆ ಬೆಂಚಿನಿಂದ ಎದ್ದುಹೋದಾಗ ಅದರ ಮುಂದೆ ಕೂರಲು ಯಾರೂ ಬರಲಿಲ್ಲ. ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಂಶೋಧನೆಗೆಂದು ಹಣವಿರಲಿಲ್ಲ, ಶಿಷ್ಯರ ಸಾಲು ಇರಲಿಲ್ಲ, ಆ ಅಲೆಗೆ ಗಿರಾಕಿಯೂ ಇರಲಿಲ್ಲ. ಮುಂದೆ ಕಲ್ಕತ್ತೆಯಲ್ಲಿ ಶಿಶಿರ್ ಕುಮಾರ್ ಮಿತ್ರರು ರೇಡಿಯೊ ಸಂಶೋಧನೆಗೆ ಗಟ್ಟಿ ನೆಲೆ ಕಟ್ಟಿದರು, ಆದರೆ ಅವರ ಗಮನ ಅಯನಗೋಳದ, ಅಂದರೆ ಅಲೆಯನ್ನು ಹಿಂದಕ್ಕೆ ತಿರುಗಿಸುವ ಆ ಮೇಲಿನ ಪದರದ, ಮೇಲೆ, ಉದ್ದನೆಯ ಅಲೆಗಳ ಮೇಲೆ. ವೇವ್‌ಗೈಡು, ಹಾರ್ನು ಎರಡನ್ನೂ ಪಶ್ಚಿಮದಲ್ಲಿ 1936ರ ಸುಮಾರಿಗೆ ಸೌತ್‌ವರ್ತ್ ಮತ್ತು ಬ್ಯಾರೋ ಮತ್ತೆ ಹೊಸದಾಗಿ ಕಟ್ಟಿಕೊಂಡರು. ಯುದ್ಧ ಬಂತು, ರೇಡಾರ್ ಬಂತು, ಹರಳಿಗೆ ಮೊನೆ ತಾಗಿಸುವ ಡಿಟೆಕ್ಟರ್ ಸಿಲಿಕಾನ್ ರೂಪದಲ್ಲಿ ಮರಳಿತು. ಬೋಸರು ತಮ್ಮ ಕಾಲಕ್ಕಿಂತ ಕನಿಷ್ಠ 60 ವರ್ಷ ಮುಂದಿದ್ದರು ಎಂದು ನೊಬೆಲ್ ಪಡೆದ ನೆವಿಲ್ ಮಾಟ್ ಹೇಳಿದ್ದು ಅವರ ಅರೆವಾಹಕದ ಕೆಲಸ ನೋಡಿ. ನಮ್ಮಲ್ಲಿ ಆ ಮಾತನ್ನು ಹೊಗಳಿಕೆಯಾಗಿ ಮಾತ್ರ ಓದುತ್ತೇವೆ. ನಡುವೆ ಖಾಲಿ ಹೋದ ಅರವತ್ತು ವರ್ಷದ ಲೆಕ್ಕವೂ ಅದರಲ್ಲೇ ಇದೆ.

ಆ ಎಳೆ ನಮ್ಮ ನೆಲದಲ್ಲಿ ಮತ್ತೆ ಕೂಡಿಕೊಂಡದ್ದು ಎಲ್ಲಿ ಎಂದು ಕೇಳಿದರೆ ನಾನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಹೆಸರು ಹೇಳುತ್ತೇನೆ, ಅದರಲ್ಲೂ ರಾಜೇಶ್ವರಿ ಚಟರ್ಜಿ ಅವರ ಹೆಸರು. 1922ರಲ್ಲಿ ಹುಟ್ಟಿದ ಕನ್ನಡನಾಡಿನ ಹೆಣ್ಣುಮಗಳು. ಮೈಸೂರು ಸಂಸ್ಥಾನದ ಮೊದಮೊದಲ ಮಹಿಳಾ ಪದವೀಧರರಲ್ಲಿ ಒಬ್ಬರಾದ ಕಮಲಮ್ಮ ದಾಸಪ್ಪ ಇವರ ಅಜ್ಜಿ. ಸೆಂಟ್ರಲ್ ಕಾಲೇಜಿನಲ್ಲಿ ಗಣಿತ ಓದಿ, 1943ರಲ್ಲಿ ಸಂಸ್ಥೆಗೆ ಸಂಶೋಧನಾ ವಿದ್ಯಾರ್ಥಿನಿಯಾಗಿ ಸೇರಿ, ಸರ್ಕಾರದ ವಿದ್ಯಾರ್ಥಿವೇತನ ಸಿಕ್ಕಿ 1947ರ ಜುಲೈನಲ್ಲಿ, ಸ್ವಾತಂತ್ರ್ಯಕ್ಕೆ ಕೆಲವೇ ವಾರ ಇರುವಾಗ, ಹಡಗು ಹತ್ತಿ ಮಿಚಿಗನ್ ವಿಶ್ವವಿದ್ಯಾಲಯಕ್ಕೆ ಹೋದರು. ನಡುವೆ ವಾಷಿಂಗ್ಟನ್ನಿನ ನ್ಯಾಷನಲ್ ಬ್ಯೂರೋ ಆಫ್ ಸ್ಟ್ಯಾಂಡರ್ಡ್ಸ್‌ನಲ್ಲಿ ರೇಡಿಯೊ ಫ್ರೀಕ್ವೆನ್ಸಿ ಅಳತೆಯ ತರಬೇತಿ. 1953ರಲ್ಲಿ ಡಾಕ್ಟರೇಟ್ ಮುಗಿಸಿ ಬೆಂಗಳೂರಿಗೇ ವಾಪಸ್ಸು. ಅಲ್ಲೇ ಅಧ್ಯಾಪಕರಾಗಿದ್ದ ಶಿಶಿರ್ ಕುಮಾರ್ ಚಟರ್ಜಿ ಅವರನ್ನು ಮದುವೆಯಾದರು. ಗಂಡ ಹೆಂಡತಿ ಇಬ್ಬರೂ ಸೇರಿ ಮೈಕ್ರೋವೇವ್ ಸಂಶೋಧನೆಗೆ ಪ್ರಯೋಗಾಲಯ ಕಟ್ಟಿದರು, ಪಾಠ ಕಟ್ಟಿದರು. ರಾಜೇಶ್ವರಿಯವರ ಕೈಕೆಳಗೆ 20 ಮಂದಿ ಪಿಎಚ್.ಡಿ. ಮಾಡಿದರು, ನೂರಕ್ಕೂ ಹೆಚ್ಚು ಪ್ರಬಂಧಗಳು ಹೊರಬಂದವು. ಆಂಟೆನಾ ಮತ್ತು ಮೈಕ್ರೋವೇವ್ ಬಗ್ಗೆ ಅವರು ಬರೆದ ಪಠ್ಯಗಳು ನಮ್ಮಂಥ ಕಾಲೇಜುಗಳ ಗ್ರಂಥಾಲಯಗಳಿಗೂ ತಲುಪಿದವು.

ಹೊಸ ಸಾಧನದ ಆವಿಷ್ಕಾರಕ್ಕೆ ಕೊಡುವ ತೂಕವನ್ನು ನಾವು ಇಂಥ ಕೆಲಸಕ್ಕೆ ಕೊಡುವುದಿಲ್ಲ. ಕೊಡಬೇಕು. ಇಪ್ಪತ್ತು ಮಂದಿ ಹೊರಗೆ ಹೋಗಿ ಇನ್ನಷ್ಟು ಮಂದಿಗೆ ಕಲಿಸಿದರೆ ಅಲೆಯ ವಿದ್ಯೆ ಒಬ್ಬರ ಜೊತೆ ಮುಗಿದುಹೋಗುವುದಿಲ್ಲ. ಮಾರ್ಕೋನಿಗೆ ಸಿಕ್ಕ ನೊಬೆಲ್ ತಪ್ಪಿದ್ದಕ್ಕಿಂತ ಬೋಸರಿಗೆ ದೊಡ್ಡ ನಷ್ಟ, ಇಂಥ ಶಿಷ್ಯರ ಸಾಲು ಸಿಗದೆ ಹೋದದ್ದು.

ಬೆಂಗಳೂರಿನ ನಂಟಿರುವ ಇನ್ನೊಬ್ಬರನ್ನೂ ಇಲ್ಲಿ ನೆನೆಯಬೇಕು. ನೌಕಾಪಡೆಯಲ್ಲಿದ್ದು ಸೋನಾರ್ (ನೀರಿನಡಿ ಶಬ್ದದಿಂದ ಪತ್ತೆಹಚ್ಚುವ ಸಾಧನ) ಕಟ್ಟಿದ ಆರೋಗ್ಯಸ್ವಾಮಿ ಪೌಲ್‌ರಾಜ್ 80ರ ದಶಕದಲ್ಲಿ ಬೆಂಗಳೂರಿನಲ್ಲಿ ರಕ್ಷಣಾ ಸಂಶೋಧನಾ ಸಂಸ್ಥೆಗಳನ್ನು ಕಟ್ಟಿದವರು, ಆಮೇಲೆ ಸ್ಟ್ಯಾನ್‌ಫರ್ಡಿಗೆ ಹೋದರು. ಕಟ್ಟಡಕ್ಕೆ ಬಡಿದು ನಾಲ್ಕಾರು ದಾರಿಯಲ್ಲಿ ಬಂದು ಸೇರುವ ಸಂಕೇತವನ್ನು ಆವರೆಗೆ ಬಹುತೇಕರು ಉಪದ್ರವವೆಂದೇ ಕಂಡಿದ್ದರು. ಪೌಲ್‌ರಾಜ್ ಅದನ್ನೇ ಬಂಡವಾಳ ಮಾಡಿಕೊಂಡರು. ಎರಡೂ ಕಡೆ ಹಲವು ಆಂಟೆನಾ ಇಟ್ಟರೆ, ದಾರಿಗಳು ಬೇರೆಬೇರೆ ಇರುವುದರಿಂದಲೇ ಒಂದೇ ಫ್ರೀಕ್ವೆನ್ಸಿಯಲ್ಲಿ ಹಲವು ಸಂಕೇತಗಳನ್ನು ಒಟ್ಟಿಗೆ ಕಳಿಸಿ ಬಿಡಿಸಿಕೊಳ್ಳಬಹುದು. ಸ್ಟ್ಯಾನ್‌ಫರ್ಡಿನ ಥಾಮಸ್ ಕೈಲಾತ್ ಜೊತೆಗೆ ಅವರಿಗೆ ಇದರ ಪೇಟೆಂಟ್ ಸಿಕ್ಕಿದ್ದು 1994ರಲ್ಲಿ. ಮೈಮೊ ಎಂದು ಕರೆಯುವ ಈ ತಂತ್ರವಿಲ್ಲದೆ ಇವತ್ತಿನ ವೈಫೈ, 4ಜಿ, 5ಜಿ ಯಾವುದೂ ಇಲ್ಲ. 2014ರಲ್ಲಿ ಅವರಿಗೆ ಬಂದ ಪುರಸ್ಕಾರದ ಹೆಸರು ಮಾರ್ಕೋನಿ ಪ್ರಶಸ್ತಿ.

ಬೋಸರ ಅಲೆಗೆ ಈಗ ಗಿರಾಕಿ ಬಂದಿದ್ದಾನೆ. ಮೂರು ಚುಕ್ಕೆ ಕಳಿಸಲು ಫ್ರೀಕ್ವೆನ್ಸಿಗಳ ಅಗಲವಾದ ಪಟ್ಟಿ ಬೇಕಿರಲಿಲ್ಲ. ವಿಡಿಯೊ ಕಳಿಸಲು ಬೇಕು. ನಮ್ಮ ಹಳೆಯ ರೇಡಿಯೊದ ಮೀಡಿಯಂ ವೇವ್ ಪಟ್ಟಿ ಈ ತುದಿಯಿಂದ ಆ ತುದಿಗೆ ಸೇರಿದರೂ 1.1 ಮೆಗಾಹರ್ಟ್ಸ್ ಹತ್ತಿರ. 5ಜಿಯ ಮಿಲಿಮೀಟರ್ ಅಲೆಗಳಲ್ಲಿ ಒಂದೇ ಚಾನೆಲ್ 400 ಮೆಗಾಹರ್ಟ್ಸ್ ಅಗಲ ಇರಬಹುದು, ಅಂದರೆ ಇಡೀ ಮೀಡಿಯಂ ವೇವ್‌ನಂಥವು 350ಕ್ಕೂ ಹೆಚ್ಚು ಹಿಡಿಯುವಷ್ಟು. ಅಷ್ಟು ಜಾಗ ಕೆಳಗಿನ ಫ್ರೀಕ್ವೆನ್ಸಿಗಳಲ್ಲಿ ಎಲ್ಲಿಂದ ತರುವುದು? 2022ರಲ್ಲಿ ಭಾರತ ಸರ್ಕಾರ ಹರಾಜು ಹಾಕಿದ ತರಂಗಗುಚ್ಛದಲ್ಲಿ 26 ಗಿಗಾಹರ್ಟ್ಸ್ ಕೂಡ ಇತ್ತು. ಅದರ ತರಂಗಾಂತರ ಹನ್ನೊಂದೂವರೆ ಮಿಲಿಮೀಟರ್, ಸರಿಯಾಗಿ ಬೋಸರ ಮೇಜಿನ ಮೇಲಿದ್ದ ಅಲೆ. ಕಾರುಗಳ ರೇಡಾರ್ 77 ಗಿಗಾಹರ್ಟ್ಸ್‌ನಲ್ಲಿ ಕೆಲಸ ಮಾಡುತ್ತದೆ. ಅಂದಿನ ತೊಂದರೆಗಳು ಮಾತ್ರ ಹಾಗೇ ಇವೆ. ಗೋಡೆ ಅಡ್ಡ ಬಂದರೆ ಕಷ್ಟ, ಮರದ ಸೊಪ್ಪು ಅಡ್ಡ ಬಂದರೂ ಕಷ್ಟ, ಆಗುಂಬೆಯಂಥ ಕಡೆ ಸುರಿಯುವ ಮಳೆಗಂತೂ ಅಲೆ ಸೊರಗುತ್ತದೆ. ಬದಲಾಗಿರುವುದು ಅಲೆ ಚಿಕ್ಕದಿರುವುದರಿಂದ ಆಗುವ ಅನುಕೂಲವನ್ನು ದುಡಿಸಿಕೊಳ್ಳುವ ನಮ್ಮ ಶಕ್ತಿ. ಅಂಗೈಯಗಲದ ಹಲಗೆಯ ಮೇಲೆ ಹತ್ತಾರು ಆಂಟೆನಾ ಕೂರಿಸಿ, ಅಲೆಯನ್ನು ಬೇಕಾದ ದಿಕ್ಕಿಗೆ ತಿರುಗಿಸಬಹುದು. ಹರ್ಟ್ಸ್‌ರ ಪ್ರಿಸಂ ಬೋಸರ ಮೇಜಿಗೆ ಇಳಿದದ್ದು ಯಾವ ನಿಯಮದಿಂದಲೋ, ಆಂಟೆನಾಗಳ ಇಡೀ ಸಾಲು ಫೋನಿನ ಅಂಚಿಗೆ ಇಳಿದದ್ದೂ ಅದೇ ನಿಯಮದಿಂದ.

ಇತ್ತೀಚೆಗೆ ಕೆಲವು ಕಾಲೇಜುಗಳಲ್ಲಿ ಮೈಕ್ರೋವೇವ್ ಬೆಂಚುಗಳಿಗೆ ಬಟ್ಟೆ ಹೊದಿಸಿ, ಸಿಮ್ಯುಲೇಷನ್ ಸಾಫ್ಟ್‌ವೇರಿನಲ್ಲೇ ಪ್ರಯೋಗ ಮುಗಿಸುವ ರೂಢಿ ಬಂದಿದೆ. ಸಾಫ್ಟ್‌ವೇರ್ ಬೇಕು, ನಾನೂ ಕಲಿಸುತ್ತೇನೆ. ಆದರೆ ಪುಸ್ತಕ ತಿರುಗಿಸಿದಾಗ ಮುಳ್ಳು ಬೀಳುವುದನ್ನು ನೋಡಿದ ಹುಡುಗಿ ಮರುದಿನ ಬಂದು ಕೇಳುವ ಪ್ರಶ್ನೆ ಪರದೆ ನೋಡಿದವಳು ಕೇಳುವುದಿಲ್ಲ. ಹಿತ್ತಾಳೆ ಬೆಂಚುಗಳನ್ನು ಗುಜರಿಗೆ ಹಾಕುವ ಯೋಚನೆ ಇರುವ ಸಹೋದ್ಯೋಗಿಗಳು ಇದನ್ನು ಓದುತ್ತಿದ್ದರೆ, ದಯವಿಟ್ಟು ಅದಕ್ಕೆ ಮೊದಲು ನನಗೊಂದು ಮಾತು ತಿಳಿಸಿ.

ಈ ಸೆಮಿಸ್ಟರಿಗೆ ಇನ್ನೊಂದು ಪ್ರಯೋಗ ಹಚ್ಚಿಕೊಂಡಿದ್ದೇವೆ. 1898ರಲ್ಲಿ ಬೋಸರು ಸೆಣಬಿನ ನಾರನ್ನು ಒಂದು ಕಟ್ಟು ಎಡಕ್ಕೆ, ಒಂದು ಕಟ್ಟು ಬಲಕ್ಕೆ ಹೊಸೆದು ಅಲೆಯ ದಾರಿಯಲ್ಲಿಟ್ಟಿದ್ದರು. ಸಕ್ಕರೆ ನೀರಿನಲ್ಲಿ ಬೆಳಕಿನ ಕಂಪನದ ದಿಕ್ಕು ತಿರುಗುವ ಹಾಗೆ ಆ ನಾರಿನಲ್ಲಿ ಅಲೆಯ ದಿಕ್ಕು ತಿರುಗಿತು, ಎಡದ ಹೊಸೆತಕ್ಕೆ ಒಂದು ಕಡೆ, ಬಲದ್ದಕ್ಕೆ ಇನ್ನೊಂದು ಕಡೆ. ನಮ್ಮ ಬೆಂಚಿನ ಅಲೆ ಮೂರು ಸೆಂಟಿಮೀಟರಿನದು, ಹಾಗಾಗಿ ಕಟ್ಟು ಅವರದಕ್ಕಿಂತ ದಪ್ಪ ಬೇಕಾಗುತ್ತದೆ. ಎಷ್ಟು ದಪ್ಪ, ಎಷ್ಟು ಉದ್ದಕ್ಕೆ ಎಷ್ಟು ಸುತ್ತು ಎಂಬ ಲೆಕ್ಕವನ್ನು ಮೂರನೇ ವರ್ಷದ ಇಬ್ಬರು ಹೆಣ್ಣುಮಕ್ಕಳು ವಹಿಸಿಕೊಂಡಿದ್ದಾರೆ. ಸೆಣಬು ತರುವುದು ನನ್ನ ಪಾಲಿಗೆ ಬಂದಿದೆ.